ಒಂದು ನೂಲು ಕೆಳಗಿನ ಗಾಂಧಾರ

ಹಾಡನ್ನು ಕಾಗದಕ್ಕೆ ಇಳಿಸೋಕೆ ಹೊರಟವನ ಮಾನ ವಾರಕ್ಕೆ ಎರಡು ಸಲವಾದರೂ ಹೋಗುತ್ತೆ. ನನ್ನದು ಮಂಗಳವಾರ ಮತ್ತು ಶುಕ್ರವಾರ ಹೋಗುತ್ತೆ, ಯಾಕೆಂದರೆ ಆ ಎರಡು ದಿನ ನಾನು ಶಿವಮೊಗ್ಗದಿಂದ ಬಸ್ಸು ಹತ್ತಿ ಭದ್ರಾವತಿಗೆ ಹೋಗ್ತೀನಿ. "ಇಂಥವೆಲ್ಲ ನನಗೇ ಯಾಕೆ ಆಗುತ್ತೆ?" ಅಂತ ಹೆಂಡತಿಯನ್ನು ಕೇಳಿದರೆ, "ನೀವು ಸುಮ್ನೆ ಮನೇಲಿ ಕೂತಿದ್ರೆ ಯಾವುದೂ ಆಗಲ್ಲ" ಅಂತಾಳೆ. ಸುಮ್ನೆ ಮನೇಲಿ ಕೂತ ದಿನ ಅವಳು ಏನಂತಾಳೆ ಅನ್ನೋದನ್ನ ಇಲ್ಲಿ ಬರೆಯೋದು ಬೇಡ.

ನಾನು ಭದ್ರಾವತಿಯ ಕಾರ್ಖಾನೆಯೊಂದರ ಡ್ರಾಯಿಂಗ್ ಆಫೀಸಿನಲ್ಲಿ ಮೂವತ್ತನಾಲ್ಕು ವರ್ಷ ಇದ್ದವನು. ಮುರಿದ ಯಂತ್ರದ ತುಂಡು ತಂದು ಮೇಜಿನ ಮೇಲೆ ಇಟ್ಟರೆ, ಅಳತೆ ತೆಗೆದು ನಕ್ಷೆ ಬರೆದು ಕೊಡೋದು ನನ್ನ ಕೆಲಸ. ನಿವೃತ್ತಿ ಆದಮೇಲೆ ರವೀಂದ್ರನಗರದಲ್ಲಿ ಮನೆ ಮಾಡಿದ್ದೀವಿ. ಸಂಗೀತ ಕಲಿಯೋ ಆಸೆ ಮೊದಲಿಂದ ಇತ್ತು, ಕಲಿಯೋಕೆ ಹೋದದ್ದು ಅರವತ್ತು ಆದಮೇಲೆ. ನಮ್ಮ ಟೀಚರ್‌ಗೆ ಈಗ ಎಂಬತ್ತು ದಾಟಿದೆ. ಅವರ ಯಜಮಾನರು ಅದೇ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು. ನನ್ನ ನಕ್ಷೆ ಹಿಡ್ಕೊಂಡು ಬಂದು ನನಗೇ ಬೈದು ಹೋಗ್ತಿದ್ದವರು. ಈಗ ಅವರಿಲ್ಲ. ಬೈಯೋ ಕೆಲಸ ಟೀಚರ್ ವಹಿಸಿಕೊಂಡಿದ್ದಾರೆ.

ನನ್ನ ಗಂಟಲು ಯಾವ ಕೆಲಸಕ್ಕೂ ಬಾರದ್ದು ಅಂತ ಅವರಿಗೆ ಮೂರೇ ತಿಂಗಳಲ್ಲಿ ಗೊತ್ತಾಯ್ತು. ಆದರೆ ಕೈ ಚೆನ್ನಾಗಿದೆ ಅಂತಲೂ ಗೊತ್ತಾಯ್ತು. ಒಂದು ದಿನ ಹೇಳಿದರು, "ನೋಡು, ನನ್ನ ಹತ್ರ ನಲವತ್ತೊಂದು ಹಾಡಿದೆ. ತೊಟ್ಟಿಲು ತೂಗೋವು, ಆರತಿ ಎತ್ತೋವು, ಶಿವಪೂಜೆ ಮುಂದೆ ಕೂತು ಹೇಳೋವು. ಎಲ್ಲಾ ನಮ್ಮ ಸೋದರತ್ತೆ ಕಲಿಸಿದ್ದು. ಈಗ ನನಗೆ ಬಿಟ್ರೆ ಇನ್ನೊಬ್ರಿಗೆ ಬರಲ್ಲ. ಉಸಿರು ಕಮ್ಮಿ ಆಗ್ತಾ ಇದೆ. ನೀನು ಹಾಡಬೇಡ. ಬರಿ."

"ಮೊಬೈಲಲ್ಲಿ ರೆಕಾರ್ಡ್ ಮಾಡ್ಕೊಂಡ್ರೆ ಆಯ್ತಲ್ಲ ಟೀಚರ್?" ಅಂದೆ.

"ಅದು ಬೇಡ. ಕೇಳಿ ಕಲಿತೋರು ಈ ಮುದುಕಿ ಗಂಟಲನ್ನೇ ಕಲೀತಾರೆ. ಬರೆದಿದ್ದು ನೋಡಿ ಕಲಿತೋರು ಅವರವರ ಗಂಟಲಲ್ಲಿ ಹಾಡ್ತಾರೆ." ಆಮೇಲೆ ಒಂದು ಷರತ್ತು ಹಾಕಿದರು. "ನನ್ನ ಮುಖ ನೋಡದೇ ಇರೋರು, ನನ್ನ ದನಿ ಕೇಳದೇ ಇರೋರು ಒಬ್ರು ನಿನ್ನ ಕಾಗದ ನೋಡ್ಕೊಂಡು ನನ್ನೆದುರಿಗೆ ಹಾಡ್ಬೇಕು. ಇದು ನನ್ನ ಹಾಡು ಅಂತ ನನಗೆ ಗುರುತು ಹತ್ತಬೇಕು. ಅಲ್ಲೀವರೆಗೂ ಆಯ್ತು ಅಂತ ಬಾಯಿ ಬಿಡಬೇಡ."

ಇಷ್ಟು ದೊಡ್ಡ ಗೇರ್ ಬಾಕ್ಸುಗಳ ನಕ್ಷೆ ಬರೆದವನಿಗೆ ಒಂದು ಲಾಲಿ ಹಾಡು ಯಾವ ಲೆಕ್ಕ ಅಂದ್ಕೊಂಡು ಒಪ್ಪಿಬಿಟ್ಟೆ. ಅಲ್ಲಿಂದ ಶುರುವಾಯ್ತು ನೋಡಿ.

ಇಸ್ತ್ರಿ

ಮೊದಲನೇ ಹಾಡನ್ನು ಎಲ್ಲರೂ ಬರೆಯೋ ಹಾಗೆ ಬರೆದೆ. ಮೇಲೆ ಸ ರಿ ಗ ಮ, ಕೆಳಗೆ ಸಾಹಿತ್ಯ, ತಾಳಕ್ಕೆ ಗೀಟು. ಅಕ್ಷರ ಮುತ್ತು ಪೋಣಿಸಿದ ಹಾಗೆ ಬಂದಿತ್ತು. ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಬಸ್ಸಿನಲ್ಲಿ ಮಡಿಲಲ್ಲೇ ಇಟ್ಕೊಂಡು ಹೋಗಿ ಅವರ ಕೈಗೆ ಕೊಟ್ಟೆ.

ಟೀಚರ್ ಕನ್ನಡಕ ಏರಿಸಿದರು. ಶ್ರುತಿಪೆಟ್ಟಿಗೆ ಹಾಕಿದರು. ನಾನು ಬರೆದದ್ದನ್ನು ಬರೆದ ಹಾಗೇ, ಒಂದು ಚೂರೂ ಕೊಂಕಿಸದೆ ಹಾಡಿದರು. ಎಲ್ಲ ಸ್ವರವೂ ಮೆಟ್ಟಿಲ ಹಾಗೆ ಒಂದರ ಪಕ್ಕ ಒಂದು ಬಂದು ನಿಂತವು. ಸ್ಕೂಲಿನಲ್ಲಿ ಮಕ್ಕಳು ಮಗ್ಗಿ ಒಪ್ಪಿಸಿದ ಹಾಗಿತ್ತು. ಆ ಲಾಲಿ ಕೇಳಿ ಮಗು ಮಲಗೋದಿರಲಿ, ಮಲಗಿದ್ದ ಮಗು ಎದ್ದು ಹೋಂವರ್ಕ್ ಮಾಡೋಕೆ ಕೂರ್ತಿತ್ತು.

ಹಾಡು ಮುಗೀತು. "ಸ್ವರ ಎಲ್ಲಾ ಸರಿ ಇದೆಯಾ ಟೀಚರ್?" ಅಂದೆ.

"ಸ್ವರ ಸರಿ ಇದೆ. ಸ್ವರ ಸ್ವರದ ಮಧ್ಯ ಇದ್ದಿದ್ದೆಲ್ಲ ಎಲ್ಲಿ ಹೋಯ್ತು? ಜಾರೋದು, ಬಳುಕೋದು, ತೂಗೋದು?"

"ಅದಕ್ಕೆ ಅಕ್ಷರ ಇಲ್ವಲ್ಲ ಟೀಚರ್."

ಅವರು ಕಾಗದವನ್ನು ಮತ್ತೊಂದು ಸಲ ಮೇಲಿಂದ ಕೆಳಗೆ ನೋಡಿ, ನಿಟ್ಟುಸಿರು ಬಿಟ್ಟು ವಾಪಸ್ಸು ಕೊಟ್ಟರು. "ಪಾಪ, ಕಷ್ಟಪಟ್ಟಿದೀಯ. ನನ್ನ ಹಾಡಿಗೆ ಚೆನ್ನಾಗಿ ಇಸ್ತ್ರಿ ಮಾಡ್ಕೊಂಡು ಬಂದಿದೀಯ ಮಾರಾಯ."

ಸ್ವಲ್ಪಕ್ಕಿಂತ ಸ್ವಲ್ಪ

ಮಧ್ಯ ಇರೋದನ್ನ ಬರೀಬೇಕು ಅಂದರೆ ಅದು ಎಷ್ಟಿದೆ ಅಂತ ಗೊತ್ತಿರಬೇಕು. ಅಳತೆ ಇಲ್ಲದೆ ನಕ್ಷೆ ಬರೆದು ನನಗೆ ಅಭ್ಯಾಸ ಇಲ್ಲ. ಆ ಲಾಲಿಯಲ್ಲಿ ಒಂದು ಗಾಂಧಾರ ಬರುತ್ತೆ. ಹಾರ್ಮೋನಿಯಂನಲ್ಲಿ ಹುಡುಕಿದರೆ ಈ ಕಡೆ ಕಪ್ಪು ಮನೆಯಲ್ಲೂ ಸಿಗಲ್ಲ, ಆ ಕಡೆ ಬಿಳಿ ಮನೆಯಲ್ಲೂ ಸಿಗಲ್ಲ. ಎರಡರ ಮಧ್ಯ ಎಲ್ಲೋ ಇದೆ.

"ಈ ಗಾಂಧಾರ ಎಷ್ಟು ಕೆಳಗೆ ಟೀಚರ್?"

"ಸ್ವಲ್ಪ."

"ಸ್ವಲ್ಪ ಅಂದ್ರೆ ಎಷ್ಟು?"

ಹಾಡಿ ನೋಡಿಕೊಂಡರು. "ಸ್ವಲ್ಪಕ್ಕಿಂತ ಸ್ವಲ್ಪ ಕಮ್ಮಿ."

ನನಗೆ ರೇಗಿತು. ನಾನು ಬರೆದದ್ದು ಒಂದು ಕೂದಲೆಳೆ ಆಚೀಚೆ ಆದರೂ ಬೇರಿಂಗ್ ಕೂರಲ್ಲ ಅನ್ನೋ ಕಡೆ ಬೆಳೆದವನು ನಾನು. "ಟೀಚರ್, ನಾಳೆ ಕಾಗದ ನೋಡಿ ಹಾಡೋರು ನಿಮ್ಮನ್ನ ಬಂದು ಕೇಳೋಕಾಗುತ್ತಾ? ಸ್ವಲ್ಪ, ಜಾಸ್ತಿ, ಆಮೇಲೆ ಅಂತೆಲ್ಲ ಬರೆದ್ರೆ ಅದು ನಕ್ಷೆ ಅಲ್ಲ, ಅಡುಗೆ!"

ಟೀಚರಿಗೂ ರೇಗಿತು. "ಏನಯ್ಯಾ ನಿಂದು ಗಲಾಟೆ? ಒಂದು ನೂಲು ಕೆಳಗೆ ಇದೆ ಅಂತ ಬರ್ಕೋ ಹೋಗು!"

ಅಂದವರು ತಾವೇ ನಿಂತುಬಿಟ್ಟರು. ನೂಲು ಅನ್ನೋದು ಬಡಗಿಗಳ, ಫಿಟ್ಟರ್‌ಗಳ ಲೆಕ್ಕ. ಇಂಚಿಗೆ ಎಂಟು ನೂಲು. ಯಜಮಾನರ ಜೊತೆ ಐವತ್ತು ವರ್ಷ ಸಂಸಾರ ಮಾಡಿದವರ ಬಾಯಲ್ಲಿ ಅದು ತಾನಾಗೇ ಬಂದಿತ್ತು. ಅವತ್ತೇ ತೀರ್ಮಾನ ಆಯ್ತು. ಗ್ರಾಫ್ ಹಾಳೆಯ ಮೇಲೆ ಸ್ವರದಿಂದ ಸ್ವರಕ್ಕೆ ಒಂದು ಇಂಚು, ಇಂಚಿಗೆ ಎಂಟು ನೂಲು, ಹಾಡು ಅದರ ಮೇಲೆ ಒಂದು ಗೆರೆಯಾಗಿ ಹತ್ತಿ ಇಳಿದು ಹೋಗೋದು. ಟೀಚರ್ ಹಾಡ್ತಾರೆ, "ಎರಡು ನೂಲು ಏರಿಸು, ಮುಕ್ಕಾಲು ನೂಲು ಇಳಿಸು" ಅಂತಾರೆ, ನಾನು ಗೆರೆ ಎಳೀತೀನಿ.

ಅವರ ಪಕ್ಕದ ಮನೆಯಲ್ಲಿ ಒಬ್ಬರು ತಮಿಳು ಅಜ್ಜಿ ಇದ್ದಾರೆ. ಒಂದು ತಿಂಗಳು ಕಿಟಕಿಯಿಂದ ಇದನ್ನೆಲ್ಲ ಕೇಳಿಸಿಕೊಂಡವರು ಒಂದು ದಿನ ಗೇಟಿನ ಹತ್ತಿರ ನನ್ನನ್ನು ನಿಲ್ಲಿಸಿ, "ಸಾರ್, ನಮ್ಮನೆ ಬೀರು ಬಾಗಿಲು ಸರಿ ಕೂರಲ್ಲ, ಟೀಚರಮ್ಮಂದು ಕೆಲಸ ಮುಗಿದ ಮೇಲೆ ಬರ್ತೀರಾ?" ಅಂದರು.

ನೀರು ನಿಲ್ಲೋ ಜಾಗ

ಗ್ರಾಫ್ ಹಾಳೆ ತರೋಕೆ ಗಾಂಧಿ ಬಜಾರಿಗೆ ಹೋಗ್ತಿದ್ದೆ. ಅಂಗಡಿಯವರು ಮೊದಲ ಸಲ "ಮೊಮ್ಮಗ ಯಾವ ಕ್ಲಾಸು ಸಾರ್?" ಅಂದರು. ಮೂರನೇ ಸಲ ನೂರು ಹಾಳೆ ಕೇಳಿದಾಗ, "ಪಾಸಾಗ್ಲಿಲ್ವಾ ಸಾರ್?" ಅಂತ ನೊಂದುಕೊಂಡು ಕೇಳಿದರು. ಅದು ಹಾಗಿರಲಿ.

ಒಂದು ಶುಕ್ರವಾರ ಭದ್ರಾವತಿ ಬಸ್ಸಿನಲ್ಲಿ ಕೂತು, ಬರೆದ ಹಾಳೆಯನ್ನು ತೊಡೆ ಮೇಲೆ ಹರಡಿಕೊಂಡಿದ್ದೆ. ಅದು ಒಂದು ಆರತಿ ಹಾಡು. ಮೂರು ವಾರದಿಂದ ಅದರಲ್ಲಿ ಏನೋ ಸರಿ ಇಲ್ಲ. ಟೀಚರ್ "ಎಲ್ಲೋ ತಪ್ಪಿದೆ" ಅಂತಾರೆ, ಎಲ್ಲಿ ಅಂತ ಅವರಿಗೂ ಗೊತ್ತಾಗ್ತಿಲ್ಲ, ನನಗಂತೂ ಮೊದಲೇ ಗೊತ್ತಾಗಲ್ಲ.

ಪಕ್ಕದಲ್ಲಿ ಬಂದು ಕೂತವರು ನಮ್ಮ ಕಾರ್ಖಾನೆಯ ಸಿವಿಲ್ ಸೆಕ್ಷನ್ನಿನಲ್ಲಿ ಇದ್ದ ಹಳೇ ಪರಿಚಯದವರು. ಜೀವಮಾನ ಪೂರ್ತಿ ಚರಂಡಿ, ರಸ್ತೆ, ಕಾಂಪೌಂಡು ನೋಡಿದವರು. ಯೋಗಕ್ಷೇಮ ಆಯ್ತು. ಹಾಳೆ ಕಡೆ ಬಗ್ಗಿದರು. ಯಾವ ಪೀಠಿಕೆಯೂ ಇಲ್ಲದೆ ಬೆರಳಿಟ್ಟು ಗೆರೆಯನ್ನು ಹಿಂಬಾಲಿಸಿಕೊಂಡು ಹೋದರು.

"ಎಲ್ಲಿಯದು ಸಾರ್ ಇದು ಡ್ರೈನು?"

"ಡ್ರೈನ್ ಅಲ್ಲ..." ಅಂತ ಶುರು ಮಾಡಿದೆ. ಅವರು ಕೇಳಿಸಿಕೊಳ್ಳಲಿಲ್ಲ.

"ಇಳಿಜಾರು ಚೆನ್ನಾಗಿ ಕೊಟ್ಟಿದೀರಿ. ಇಲ್ಲಿವರೆಗೂ ಪರವಾಗಿಲ್ಲ. ಆದ್ರೆ ಇಲ್ಲಿ ನೋಡಿ, ಇಲ್ಲಿ ಯಾಕೆ ಮಟ್ಟ ಮಾಡಿದೀರಿ? ಇಲ್ಲಿ ನೀರು ನಿಲ್ಲುತ್ತೆ ಸಾರ್. ಮಳೆಗಾಲ ಬಂದ್ರೆ ಹಿಂದಕ್ಕೆ ಒದೆಯುತ್ತೆ. ಅರ್ಧ ನೂಲು ಇಳಿಸಿ."

ಬಸ್ಸಿಳಿದು ಹೋದವನೇ ಟೀಚರಿಗೆ ಅದೇ ಜಾಗ ತೋರಿಸಿದೆ. "ಇಲ್ಲಿ ಗೆರೆ ಮಟ್ಟವಾಗಿದೆ, ಅರ್ಧ ನೂಲು ಇಳಿಸ್ಲಾ?" ಅವರು ಹಾಡಿ ನೋಡಿದರು. ಮತ್ತೆ ಹಾಡಿದರು. ಮುಖ ಅರಳಿತು. "ಅದೇ! ಅಲ್ಲೇ! ಅಲ್ಲಿ ನಿಲ್ಲಬಾರದು, ಜಾರ್ತಾ ಹೋಗ್ಬೇಕು. ಅಯ್ಯೋ, ಎಷ್ಟು ಸೂಕ್ಷ್ಮ ಹಿಡಿದಿದೀಯ! ಯಾರ ಹತ್ರ ಕೇಳಿದೆ? ಯಾವ ವಿದ್ವಾಂಸರು?"

ಏನು ಹೇಳೋದು? "ಭದ್ರಾವತಿಯವರೇ ಟೀಚರ್, ತುಂಬ ಆಳಕ್ಕೆ ಇಳಿದು ಕೆಲಸ ಮಾಡಿದವರು" ಅಂದೆ.

ಹಸಿರು ಮುಳ್ಳು

ನಮ್ಮ ಬೀದಿಯ ಒಬ್ಬ ಎಂಜಿನಿಯರು ನನ್ನ ಕಷ್ಟ ನೋಡಲಾರದೆ ಮೊಬೈಲಿಗೆ ಒಂದು ಆ್ಯಪ್ ಹಾಕಿಕೊಟ್ಟರು. ಹಾಡಿದರೆ ಪರದೆಯ ಮೇಲೆ ಒಂದು ಮುಳ್ಳು ಓಡಾಡುತ್ತೆ. ಸ್ವರ ಸರಿ ಇದ್ದರೆ ಹಸಿರು, ತಪ್ಪಿದರೆ ಕೆಂಪು. ಇನ್ನು ಸ್ವಲ್ಪಕ್ಕಿಂತ ಸ್ವಲ್ಪ ಅನ್ನೋ ತಾಪತ್ರಯ ತಪ್ಪಿತು ಅಂತ ಕುಣಿದುಕೊಂಡು ಹೋದೆ. ನನ್ನ ಬುದ್ಧಿಗೆ ಏನು ಹೇಳಬೇಕೋ.

ಟೀಚರ್ ಷಡ್ಜ ಹಿಡಿದರು. ಹಸಿರು. ಪಂಚಮ. ಹಸಿರು. "ಪರವಾಗಿಲ್ವೇ, ಇದಕ್ಕೂ ಕಿವಿ ಇದೆ" ಅಂದರು. ಆಮೇಲೆ ಗಾಂಧಾರ ಹಾಡಿದರು, ತಮ್ಮ ಆ ಗಾಂಧಾರ. ಕೆಂಪು. ಮತ್ತೊಮ್ಮೆ ಹಾಡಿದರು. ಕಡುಗೆಂಪು. ಮುಳ್ಳು ಗಡಗಡ ನಡುಗುತ್ತಿದೆ.

"ಏನಂತೆ ಅದಕ್ಕೆ?"

"ಸ್ವಲ್ಪ ಮೇಲೆ ಏರಿಸಬೇಕಂತೆ ಟೀಚರ್."

"ಓಹೋ. ಅದಕ್ಕೆ ಯಾರು ಪಾಠ ಹೇಳಿದ್ದು?"

ಅಷ್ಟು ಹೊತ್ತಿಗೆ ಸರಿಯಾಗಿ ತಮಿಳು ಅಜ್ಜಿ ತಮ್ಮ ಕಬ್ಬಿಣದ ಗೇಟು ತೆಗೆದರು. ಎಣ್ಣೆ ಕಾಣದ ಗೇಟು, ಕೀಂಯ್ ಅಂತ ಉದ್ದಕ್ಕೆ ಕೂಗಿತು. ನಮ್ಮ ಮೊಬೈಲಿನ ಮುಳ್ಳು ಸೆಟೆದು ನಿಂತಿತು. ಹಸಿರು. ಎಲೆ ಹಸಿರು. ಪರದೆಯ ಮೇಲೆ ನಕ್ಷತ್ರವೂ ಬಂತು, 'ಅದ್ಭುತ' ಅಂತ.

ನಾನು ಮೊಬೈಲನ್ನು ಮೆಲ್ಲಗೆ ಜೇಬಿಗೆ ಇಳಿಸಿದೆ. ಟೀಚರ್ ಎದ್ದು, ಮೂಲೆಯಲ್ಲಿದ್ದ ಇನ್ನೊಂದು ಚಾಪೆ ತಂದು ನನ್ನ ಪಕ್ಕದಲ್ಲಿ ಹಾಸಿದರು.

"ಯಾರಿಗೆ ಟೀಚರ್?" ಅಂದೆ.

"ಹೋಗಿ ಗೇಟನ್ನ ಕರ್ಕೊಂಡು ಬಾ. ನಾಳೆಯಿಂದ ಅದಕ್ಕೇ ಹೇಳ್ಕೊಡ್ತೀನಿ."

ಕಸ

ಒಂದೂವರೆ ವರ್ಷಕ್ಕೆ ಹತ್ತೊಂಬತ್ತು ಹಾಡು ಗ್ರಾಫ್ ಹಾಳೆಗೆ ಇಳಿದವು. ಇವನ್ನು ಕಂಪ್ಯೂಟರಿಗೆ ಹಾಕಿಸಿಡೋಣ ಅಂತ ಸವಳಂಗ ರಸ್ತೆಯ ಒಂದು ಡಿಟಿಪಿ ಅಂಗಡಿಗೆ ಕೊಟ್ಟೆ. ಅಂಗಡಿಯವರು ಮದುವೆ ಕಾಗದ, ಗೃಹಪ್ರವೇಶದ ಕಾಗದ ಮಾಡುವವರು, ಒಳ್ಳೇ ಮನುಷ್ಯ, ಕೆಲಸದಲ್ಲಿ ಅಚ್ಚುಕಟ್ಟು. ಆ ಅಚ್ಚುಕಟ್ಟೇ ಮುಳುವಾಯ್ತು.

ನನ್ನ ಹಾಳೆಗಳಲ್ಲಿ ಗೆರೆಯ ಜೊತೆಗೆ ಚುಕ್ಕೆಗಳೂ ಇದ್ದವು. ಎಲ್ಲಿ ಒತ್ತಬೇಕು, ಎಲ್ಲಿ ಉಸಿರು ತೆಗೀಬೇಕು, ಎಲ್ಲಿ ಸ್ವರ ಮುಟ್ಟಿಯೂ ಮುಟ್ಟದ ಹಾಗೆ ಹೋಗಬೇಕು ಅನ್ನೋದೆಲ್ಲ ಚುಕ್ಕೆಯಲ್ಲೇ ಇತ್ತು. ಸಾಸಿವೆಯಷ್ಟು ಸಣ್ಣವು. ನಾಲ್ಕು ದಿನ ಬಿಟ್ಟು ಹೋದಾಗ ಅಂಗಡಿಯವರು ನಗುನಗುತ್ತಾ ಹೇಳಿದರು, "ಸಾರ್, ನಿಮ್ಮ ಹಾಳೆ ತುಂಬಾ ಇಂಕು ಸಿಡಿದಿತ್ತು. ಸ್ಕ್ಯಾನ್ ಮಾಡಿದ್ರೆ ಗಲೀಜಾಗಿ ಕಾಣ್ತಿತ್ತು. ನಾನೇ ಕೂತು ವೈಟ್ನರ್ ಹಾಕಿ ಎಲ್ಲಾ ಕ್ಲೀನ್ ಮಾಡಿದೀನಿ. ಒಂದೇ ಒಂದು ಚುಕ್ಕೆ ಬಿಟ್ಟಿಲ್ಲ."

ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತುಬಿಟ್ಟೆ. ಅವರಿಗೆ ವಿಷಯ ಹೇಳಿದಾಗ ಅವರೂ ಪಕ್ಕದ ಸ್ಟೂಲಿನ ಮೇಲೆ ಕೂತುಬಿಟ್ಟರು. ಟೀಚರ್ ಆ ತಿಂಗಳು ಜ್ವರದಿಂದ ಎದ್ದಿದ್ದರಷ್ಟೇ. ಹತ್ತೊಂಬತ್ತು ಹಾಡನ್ನು ಮತ್ತೆ ಹಾಡಿಸೋದು ಕನಸಿನ ಮಾತು. ಆ ದಿನ ನನಗೆ ನಿಜವಾಗಿಯೂ ಅಳು ಬಂದಿತ್ತು, ಮುಚ್ಚಿಡೋದೇನು.

ಮನೆಗೆ ತಂದು ಹೆಂಡತಿಗೆ ತೋರಿಸಿದೆ. ಅವಳು ಬೈಯಲಿಲ್ಲ. ಹಾಳೆಯನ್ನು ತಿರುವಿ, ಹಿಂಬದಿಯನ್ನು ಬೆರಳಲ್ಲಿ ಸವರಿ ನೋಡಿದಳು. "ನಿಮ್ಮದು ಮೊದಲಿಂದಲೂ ಒತ್ತಿ ಬರೆಯೋ ಕೈ. ಹಿಂದುಗಡೆ ಎಲ್ಲಾ ಚುಕ್ಕೆ ಉಬ್ಬಿದೆಯಲ್ಲಾ!" ಅಂದಳು. ಮೂವತ್ತನಾಲ್ಕು ವರ್ಷ ಹಾಳೆ ತೂತಾಗುವಂತೆ ಬರೀತೀಯ ಅಂತ ಮೇಲಿನವರು ಬೈದದ್ದು ಅವತ್ತು ಸಾರ್ಥಕ ಆಯ್ತು.

ಡಿಟಿಪಿಯವರು ಅಂಗಡಿಗೆ ಬೇಗ ಬಾಗಿಲು ಹಾಕಿ ನಾಲ್ಕು ಸಂಜೆ ನಮ್ಮ ಮನೆಗೇ ಬಂದರು. ಅವಳು ಬೆರಳಲ್ಲಿ ಸವರಿ ಹೇಳೋದು, ನಾನು ಹಾಕೋದು, ಅವರು ಭೂತಗನ್ನಡಿ ಹಿಡಿದು ನೋಡೋದು. ಒಂದೂ ಬಿಡದೆ ಎಲ್ಲ ಚುಕ್ಕೆಯೂ ವಾಪಸ್ಸು ಬಂದವು. ಆ ಮನುಷ್ಯ ಎಷ್ಟು ಹೆದರಿದ್ದರೆಂದರೆ ಆಮೇಲೆ ಹಾಳೆಯ ಮೇಲೆ ಇದ್ದ ಏನನ್ನೂ ಅಳಿಸಲಿಲ್ಲ.

ಅಚ್ಚಾಗಿ ಬಂದದ್ದನ್ನು ಟೀಚರಿಗೆ ಕೊಟ್ಟೆ. ಏಳನೇ ಹಾಡಿನ ಹತ್ತಿರ ನಿಂತರು. ಹಾಡಿ ನೋಡಿದರು, ಆಗಲಿಲ್ಲ. ಎರಡು ಸಲ ಗಂಟಲು ಸರಿ ಮಾಡಿಕೊಂಡರು. "ಇದೇನು ಇಲ್ಲಿ ಇಷ್ಟು ದೊಡ್ಡ ಗುರುತು ಹಾಕಿದೀಯ? ಆರು ಕಡೆಯಿಂದ ಗೆರೆ ಹೊರಟಿದೆ. ಇಂಥ ಗಮಕ ನಾನು ಹಾಡೇ ಇಲ್ವಲ್ಲ?"

ನಾನು ಕನ್ನಡಕ ತೆಗೆದು ಹತ್ತಿರದಿಂದ ನೋಡಿದೆ. "ಇರುವೆ, ಟೀಚರ್."

ಮುಟ್ಟದ ಎಳೆ

ಕೆಲವು ಸ್ವರದ ಸುತ್ತ ದನಿ ಸುತ್ತುತ್ತೆ, ಆದರೆ ಅದರ ಮೇಲೆ ಕೂರಲ್ಲ. ಅದನ್ನು ನಾನು ಗರಗಸದ ಹಲ್ಲಿನ ಹಾಗೆ ಬರೀತಿದ್ದೆ. ಟೀಚರ್ "ಕುಯ್ಯುತ್ತೆ, ಕುಯ್ಯುತ್ತೆ" ಅಂತಿದ್ದರು.

ಒಂದು ಬೆಳಿಗ್ಗೆ ಹೆಂಡತಿ ಬಾಗಿಲಿಗೆ ರಂಗೋಲಿ ಹಾಕಿ ಒಳಗೆ ಬಂದವಳು, ನನ್ನ ಹಾಳೆ ನೋಡಿ, "ಇದೇನು ಚುಕ್ಕೆಗೆ ಹೋಗಿ ಚುಚ್ಚಿದೀರಿ? ಚುಕ್ಕೆ ಮುಟ್ಟಬಾರದು. ಎಳೆ ಅದರ ಸುತ್ತ ಬಳಸ್ಕೊಂಡು ಬರ್ಬೇಕು" ಅಂದಳು. ಅವಳಿಗೆ ಸಂಗೀತದ ಗಂಧ ಇಲ್ಲ. ರಂಗೋಲಿ ವಿಷಯ ಹೇಳಿದ್ದು. ಆದರೂ ಅವಳು ಹೇಳಿದ ಹಾಗೇ ಎಳೆದುಕೊಂಡು ಹೋದೆ.

ಟೀಚರ್ ನೋಡಿದ ಕೂಡಲೇ ಹಾಡಿದರು, ನೋಡಿಕೊಂಡೇ ಹಾಡಿದರು, ಎಲ್ಲೂ ತಡೆಯಲಿಲ್ಲ. "ಇದು ನಿನ್ನ ತಲೇಲಿ ಬಂದಿದ್ದಲ್ಲ. ಯಾರು ಹೇಳಿದ್ದು?"

"ನಮ್ಮನೆಯವಳು."

"ಮುಂದಿನ ಸಲ ಅವಳನ್ನ ಕಳಿಸು. ನೀನು ಅಡುಗೆ ನೋಡ್ಕೋ."

ತಮಾಷೆ ಅಂದ್ಕೊಂಡೆ. ಮಂಗಳವಾರ ಇಬ್ಬರೂ ಹೋದೆವು. ಅವರಿಬ್ಬರು ಜಗಲಿಯಲ್ಲಿ ಹಾಳೆ ಹರಡಿಕೊಂಡು ಕೂತರು. ನನ್ನ ಮುಂದೆ ಎರಡು ಕೆಜಿ ಅವರೆಕಾಯಿ ತಂದಿಟ್ಟರು. ನಾನು ಬಿಡಿಸಿದ್ದನ್ನು ಟೀಚರ್ ಬಂದು ನೋಡಿ, "ಇದು ಚೆನ್ನಾಗಿ ಬರುತ್ತೆ ನಿನಗೆ" ಅಂದರು. ಎರಡು ವರ್ಷದಲ್ಲಿ ನಾನೇ ಮಾಡಿದ ಕೆಲಸಕ್ಕೆ ಅವರು ನನ್ನನ್ನು ಹೊಗಳಿದ್ದು ಅದೊಂದೇ ಸಲ.

ಎಡಕ್ಕೆ

ಕೊನೆಗೂ ಪರೀಕ್ಷೆಯ ದಿನ ಬಂತು. ಕೋಲಾರದ ಕಡೆಯ ಒಬ್ಬ ಹೆಣ್ಣುಮಗಳು ಶಿವಮೊಗ್ಗದ ಕಾಲೇಜೊಂದಕ್ಕೆ ಲೆಕ್ಚರರ್ ಆಗಿ ಬಂದು ನಮ್ಮ ಬೀದಿಯಲ್ಲೇ ಮನೆ ಮಾಡಿದ್ದಳು. ಚಿಕ್ಕಂದಿನಲ್ಲಿ ಏಳು ವರ್ಷ ಸಂಗೀತ ಕಲಿತವಳು. ಪಾಠ ಮಾಡೋದು ರಸಾಯನಶಾಸ್ತ್ರ. ಟೀಚರ್ ಮುಖ ನೋಡಿಲ್ಲ, ದನಿ ಕೇಳಿಲ್ಲ. ಅವಳಿಗೆ ಆ ಮೊದಲನೇ ಲಾಲಿಯ ಹಾಳೆ ಕೊಟ್ಟೆ, ಯಾವ ಗುರುತಿಗೆ ಏನು ಅರ್ಥ ಅನ್ನೋ ಪಟ್ಟಿ ಕೊಟ್ಟೆ. "ಎರಡು ವಾರ ಟೈಮು. ನನ್ನನ್ನ ಒಂದು ಮಾತೂ ಕೇಳೋ ಹಾಗಿಲ್ಲ. ಏನು ಬರೆದಿದೆಯೋ ಹಾಗೇ ಹಾಡ್ಬೇಕು" ಅಂದೆ. "ಲ್ಯಾಬಲ್ಲಿ ನಾವು ಮಾಡೋದೂ ಅದೇ ಅಂಕಲ್" ಅಂದಳು.

ಆ ಭಾನುವಾರ ಅವಳು, ನಾನು, ನನ್ನ ಹೆಂಡತಿ ಮೂವರೂ ಭದ್ರಾವತಿಗೆ ಹೋದೆವು. ಟೀಚರ್ ರೇಷ್ಮೆ ಸೀರೆ ಉಟ್ಟು ಕೂತಿದ್ದರು. ಯಾವತ್ತೂ ಇಲ್ಲದ್ದು, ಶ್ರುತಿಪೆಟ್ಟಿಗೆಯನ್ನು ಎರಡು ಸಲ ಹಾಕಿ ಆರಿಸಿದರು. ನನಗೆ ಅರ್ಥ ಆಯ್ತು. ಇವತ್ತು ಇದು ಆಗಲಿಲ್ಲ ಅಂದರೆ ಇನ್ನೊಂದು ಸಲ ಮೊದಲಿಂದ ಶುರು ಮಾಡುವಷ್ಟು ಉಸಿರು ಅವರಲ್ಲಿ ಇಲ್ಲ. ನಲವತ್ತೊಂದು ಹಾಡೂ ಅವರ ಜೊತೆಗೇ ಹೋಗುತ್ತವೆ. ನಾನು ಬಾಗಿಲ ಹತ್ತಿರ ಕೂತೆ. ಬೇಕಾದರೆ ಎದ್ದು ಓಡೋಕೆ ಅನುಕೂಲ ಅಂತ.

ಹುಡುಗಿ ಹಾಳೆ ಮುಂದಿಟ್ಟುಕೊಂಡು ಶುರು ಮಾಡಿದಳು. ಸಣ್ಣ ವಯಸ್ಸಿನ ತಿಳಿಯಾದ ದನಿ, ಟೀಚರದ್ದಕ್ಕೂ ಅದಕ್ಕೂ ಏನೂ ಸಂಬಂಧ ಇಲ್ಲ. ಟೀಚರ್ ಕಣ್ಣು ಮುಚ್ಚಿ ತೊಡೆಯ ಮೇಲೆ ತಾಳ ಹಾಕುತ್ತಿದ್ದರು. ಮೊದಲನೇ ಸಾಲು ಬಂತು. ತಾಳ ನಿಲ್ಲಲಿಲ್ಲ. ಗಾಂಧಾರ ಬರೋ ಹೊತ್ತಿಗೆ ನಾನು ಹೆಂಡತಿಯ ಕೈ ಹಿಡಿದುಕೊಂಡಿದ್ದೆ. ಗಾಂಧಾರ ಬಂತು. ಸರಿಯಾಗಿ ಒಂದು ನೂಲು ಕೆಳಗೆ ಬಂದು, ತೂಗಿ, ಜಾರಿ ಹೋಯ್ತು. ಟೀಚರ್ ಕಣ್ಣಿಂದ ನೀರು ಇಳೀತು. ತಾಳ ನಿಲ್ಲಲಿಲ್ಲ. ಕಾಗದ ಹಾಡಿತ್ತು ಕಣ್ರೀ, ಕಾಗದ ಹಾಡಿತ್ತು!

ಮೊದಲನೇ ಚರಣ ಮುಗೀತು. ಹುಡುಗಿ ಹಾಡು ನಿಲ್ಲಿಸಿ, ಕತ್ತನ್ನು ಎಡಕ್ಕೆ ತಿರುಗಿಸಿ, ಎರಡು ಎಣಿಸುವಷ್ಟು ಹೊತ್ತು ಗೋಡೆ ನೋಡಿ, ಆಮೇಲೆ ಮುಂದಿನ ಸಾಲನ್ನು ಜೋರಾಗಿ ಎತ್ತಿಕೊಂಡಳು. ಯಾರೋ ಬಂದರೇನೋ ಅಂತ ನಾನೂ ಆ ಕಡೆ ನೋಡಿದೆ. ಯಾರೂ ಇಲ್ಲ. ಎರಡನೇ ಚರಣ ಮುಗೀತು. ಮತ್ತೆ ನಿಂತಳು, ಮತ್ತೆ ಎಡಕ್ಕೆ ತಿರುಗಿದಳು, ಮತ್ತೆ ಜೋರಾಗಿ ಎತ್ತಿಕೊಂಡಳು. ಈ ಸಲ ಟೀಚರ್ ಕಣ್ಣು ಬಿಟ್ಟರು.

ಹಾಡು ಮುಗೀತು. ಟೀಚರ್ ಸೆರಗಿನಿಂದ ಮುಖ ಒರೆಸಿಕೊಂಡರು. "ಹಾಡು ನಂದೇ" ಅಂದರು. ಅಷ್ಟೇ ಮಾತು. ಎರಡು ವರ್ಷದಿಂದ ಆ ಮಾತಿಗೆ ಕಾದಿದ್ದೆ ನಾನು. ಆಮೇಲೆ ಹುಡುಗಿಯ ಕಡೆ ತಿರುಗಿ, "ಎಲ್ಲಾ ಸರಿ ತಾಯಿ, ಮಧ್ಯ ಮಧ್ಯ ಆ ಗೋಡೆ ಕಡೆ ಏನು ನೋಡ್ತಿದ್ದೆ?" ಅಂತ ಕೇಳಿದರು.

"ಪೇಪರಲ್ಲಿ ಇದೆ ಅಮ್ಮ" ಅಂತ ಅವಳು ತೋರಿಸಿದಳು. "ಚರಣ ಮುಗಿದ ಮೇಲೆ ಎಡಕ್ಕೆ ಬಾಣದ ಗುರುತು, 'ಕತ್ತು, ಎರಡು ಎಣಿಕೆ' ಅಂತಿದೆ. ಆಮೇಲೆ 'ಜೋರು' ಅಂತಿದೆ."

ಎಲ್ಲರೂ ನನ್ನನ್ನು ನೋಡಿದರು.

"ಟೀಚರ್, ಅದು ನೀವೇ ಮಾಡೋದು!" ಅಂದೆ. "ಈ ಹಾಡು ಹಾಡಿದಾಗೆಲ್ಲ, ಪ್ರತಿ ಚರಣಕ್ಕೂ ಮಾಡ್ತೀರಿ. ಮೂರು ಸಲ ನೋಡಿ ಖಾತ್ರಿ ಮಾಡ್ಕೊಂಡೇ ಆಮೇಲೆ ಪೆನ್ಸಿಲಲ್ಲಿ ಹಾಕಿದ್ದು. ಕಣ್ಣಿಗೆ ಕಂಡಿದ್ದನ್ನ ಬಿಟ್ಟು ನಕ್ಷೆ ಬರೆದು ನನಗೆ ಗೊತ್ತಿಲ್ಲ."

"ನಾನಾ? ಸುಳ್ಳು ಹೇಳ್ಬೇಡ."

"ಹೌದು ಟೀಚರ್, ನಾನೂ ನೋಡಿದೀನಿ" ಅಂದಳು ನನ್ನ ಹೆಂಡತಿ. ಮದುವೆಯಾದಾಗಿನಿಂದ ಅವಳು ನನ್ನ ಪರ ಸಾಕ್ಷಿ ಹೇಳಿದ್ದು ಅದೇ ಮೊದಲು.

ಟೀಚರ್ ನಂಬಲಿಲ್ಲ. ತಾವೇ ಸಣ್ಣ ದನಿಯಲ್ಲಿ ಚರಣ ಹೇಳಿಕೊಂಡರು. ಚರಣ ಮುಗೀತು. ಅವರ ಕತ್ತು ತಾನಾಗಿ ಎಡಕ್ಕೆ ತಿರುಗಿತು. ತಿರುಗಿದ್ದು ಹಾಗೇ ನಿಂತಿತು. ಅವರು ಬೋಳು ಗೋಡೆಯನ್ನೇ ನೋಡುತ್ತಾ ಕೂತರು. ಆಮೇಲೆ ಭುಜ ಕುಣಿಯೋಕೆ ಶುರುವಾಯ್ತು. ಅಳ್ತಿದ್ದಾರೋ ಏನೋ ಅಂತ ಹೆಂಡತಿ ಎದ್ದು ಹತ್ತಿರ ಹೋದಳು. ಅವರು ನಗ್ತಿದ್ದರು. ನಕ್ಕೂ ನಕ್ಕೂ ಏದುಸಿರು ಬಂದು, ನೀರು ಕುಡಿಸಬೇಕಾಯ್ತು.

"ಅಯ್ಯೋ ಶಿವನೇ! ನಮ್ಮ ಸೋದರತ್ತೆ ಅಡುಗೆಮನೇಲಿ ಕೂರಿಸ್ಕೊಂಡು ಈ ಹಾಡು ಹೇಳ್ಕೊಟ್ಟಿದ್ದು. ಅವರ ಎಡಗಡೆ ಒಲೆ. ಒಲೆ ಮೇಲೆ ಹಾಲು. ಒಂದು ಚರಣ ಹೇಳೋರು, ಹಾಲು ಉಕ್ಕಿತಾ ಅಂತ ತಿರುಗಿ ನೋಡೋರು. ಮುಖ ಆ ಕಡೆ ಇರ್ತಿತ್ತಲ್ಲ, ನನಗೆ ಕೇಳಿಸ್ಲಿ ಅಂತ ಮುಂದಿನ ಸಾಲು ಜೋರಾಗಿ ಹೇಳೋರು. ಹತ್ತು ವರ್ಷದ ಹುಡುಗಿ ನಾನು, ಅದನ್ನೂ ಹಾಡು ಅಂತಲೇ ಕಲ್ತಿದೀನಿ! ಅತ್ತೆ ಹೋಗಿ ಎಷ್ಟು ಕಾಲ ಆಯ್ತು. ಆ ಮನೆ ಇಲ್ಲ, ಆ ಒಲೆ ಇಲ್ಲ. ನಾನು ಎಪ್ಪತ್ತು ವರ್ಷದಿಂದ ಅವರ ಹಾಲು ಕಾಯ್ತಾ ಕೂತಿದೀನಿ!"

ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನನಗೆ ಒಳಗೊಳಗೇ ನಾಚಿಕೆಯೂ ಆಗಿತ್ತು. ಇಷ್ಟು ವರ್ಷ ನಕ್ಷೆ ಬರೆದವನು ಹೋಗಿ ಹೋಗಿ ಹಾಲು ಉಕ್ಕೋದನ್ನ ಸ್ವರಪ್ರಸ್ತಾರಕ್ಕೆ ಸೇರಿಸಿದ್ದೆ. ರಬ್ಬರ್ ತೆಗೆದು, "ಬಾಣ ಎರಡೂ ಅಳಿಸಿಬಿಡ್ತೀನಿ ಟೀಚರ್" ಅಂದೆ.

ಹುಡುಗಿ ಹಾಳೆಯ ಮೇಲೆ ಕೈ ಅಡ್ಡ ಇಟ್ಟಳು. "ಬೇಡ ಅಂಕಲ್. ಆ ಕಡೆ ತಿರುಗಿದಾಗಲೇ ನನಗೆ ಉಸಿರು ಸಿಕ್ಕಿದ್ದು. ಮನೇಲಿ ತಿರುಗದೇ ಹಾಡಿ ನೋಡ್ದೆ, ಮುಂದಿನ ಸಾಲು ಏಳೋದೇ ಇಲ್ಲ."

ಟೀಚರ್ ಅವಳನ್ನೇ ನೋಡಿದರು. ನಗು ನಿಂತಿತು. ಹತ್ತಿರ ಕರೆದು ಅವಳ ತಲೆ ಸವರಿದರು. "ಇನ್ನು ಉಳಿದ ನಲವತ್ತೂ ನೀನೇ ತಗೊಂಡು ಹೋಗು ತಾಯಿ. ಭಾನುವಾರ ಭಾನುವಾರ ಬಾ" ಅಂದರು. ಆಮೇಲೆ ನನ್ನ ಕೈಯಿಂದ ರಬ್ಬರ್ ಕಿತ್ತುಕೊಂಡು ಪೆನ್ಸಿಲ್ ಕೊಟ್ಟರು.

"ಬಾಣ ಹಾಗೇ ಇರಲಿ. ಹಾಡೋರಿಗೆ ಗೊತ್ತಾಗೋ ಹಾಗೆ ಕೆಳಗೆ ಒಂದು ಸಾಲು ಬರಿ. ನಾನು ಹೇಳಿದ ಹಾಗೇ ಬರ್ಕೋ: 'ಇಲ್ಲಿ ತಿರುಗಿ ಹಾಲು ನೋಡುವುದು. ಹಾಲು ಇಟ್ಟಿರದಿದ್ದರೂ ನೋಡುವುದು.'"